ಕುಯ್ದ ಹದಿನೆಂಟು ಪುಟ

ಆಸ್ಪತ್ರೆಯ ವಾರ್ಡಿನ ಬಾಗಿಲು ತೆರೆಯುವುದನ್ನೇ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ವಿಶ್ವವಿದ್ಯಾಲಯದ ಜೀವಶಾಸ್ತ್ರದ ಮೇಡಂ ಒಬ್ಬರು, ಅವರ ವಿಭಾಗದ ಲ್ಯಾಬ್ ಅಟೆಂಡರ್ ಹೆಂಗಸು. ಮೊದಲು ಮಾತು ತೆಗೆದವಳು ಅಟೆಂಡರ್.

“ನಮ್ಮ ವಿಭಾಗದ ಹೆಡ್ ಸಾಹೇಬ್ರ ಕಾಲಿನ ಗಾಯಕ್ಕೆ ಯಾವ ಔಷಧಿನೂ ನಾಟ್ತಿಲ್ವಂತೆ ಮೇಡಂ.”

“ಹೇಗೆ ನಾಟುತ್ತೆ? ಔಷಧಿಗೆ ಬಗ್ಗೋ ರೋಗಾಣು ಸತ್ತವು. ಬಗ್ಗದೇ ಇದ್ದವು ಸಂಸಾರ ಬೆಳೆಸಿವೆ.”

“ಅಯ್ಯೋ, ನೀವು ಮಾಡಿದ ಪಾಠನೇ ಅಲ್ವಾ ಇದು?”

“ಅದೇ. ಜೀವಿಗಳು ಬದಲಾಗುತ್ವೆ ಅಂದಿದ್ದಕ್ಕೆ, ದೇವರ ಸೃಷ್ಟಿಗೆ ಅವಮಾನ ಅಂತ ಈ ಮಹಾನುಭಾವರೇ ದೂರು ಬರೆದ್ರು. ಮೂರು ತಿಂಗಳು ಮನೇಲಿ ಕೂರಿಸಿದ್ರು ನನ್ನ.”

“ಲೈಬ್ರರಿ ಪುಸ್ತಕದಿಂದ ಆ ಪಾಠನ ನನ್ನ ಕೈಲೇ ಬ್ಲೇಡಲ್ಲಿ ಕುಯ್ಸಿದ್ರು. ಸುಟ್ಟುಬಿಡು ಅಂದ್ರು.”

“ನೀನು ಸುಡ್ಲಿಲ್ಲ.”

“ಕಪ್ಪೆ ಜಾಡಿಗಳ ಹಿಂದೆ ಬಚ್ಚಿಟ್ಟಿದ್ದೆ. ತಗೊಳ್ಳಿ, ಹದಿನೆಂಟು ಪುಟ.”

“ಕೊಡು. ಅವರ ದಿಂಬಿನ ಪಕ್ಕ ಇಟ್ಟು ಬರ್ತೀನಿ.”

“ಮಾಡಿದ್ದುಣ್ಣೋ ಮಹರಾಯ ಅನ್ನೋದು ಸರಿ. ಆದ್ರೂ ಪಾಪ ಅನ್ಸಲ್ವಾ?”

“ನನ್ನ ಸಿಟ್ಟು ಇನ್ನೂ ಆರಿಲ್ಲ ಕಣೇ.”

“ಮತ್ತೆ ಬಸ್ಸಲ್ಲಿ ಕಣ್ಣು ಮುಚ್ಚಿ ದೇವರನ್ನ ಬೇಡ್ಕೋತಿದ್ರಲ್ಲ, ಯಾರಿಗೋಸ್ಕರ?”

“ಅವರಿಗೋಸ್ಕರನೇ. ದೇವ್ರೇ, ಈ ಮನುಷ್ಯನ್ನ ಹೇಗಾದ್ರೂ ಉಳಿಸಪ್ಪಾ ಅಂತ.”

“ನೀವಾ?”

“ಉಳೀಲೇಬೇಕು. ಮುಂದಿನ ವರ್ಷ ಆ ಪಾಠಕ್ಕೆ ಅವರ ಕಾಲೇ ಉದಾಹರಣೆ. ಅವರೇ ಮುಂದಿನ ಬೆಂಚಲ್ಲಿ ಕೂತು ಕೇಳ್ಬೇಕು.”

ಬಾಗಿಲು ತೆರೆಯಿತು. ಮೇಡಂ ಪುಟಗಳ ಅಂಚು ಸರಿಮಾಡಿಕೊಂಡು, ನಮ್ಮೆಲ್ಲರಿಗಿಂತ ಮುಂಚೆ ಒಳಗೆ ಹೋದರು.