ಎರಡು ಮೈಲಿಯ ರೇಡಿಯೋ

ತೊಂಬತ್ತಾರರ ಬೇಸಿಗೆ. ಸೊರಬದ ಬಸ್ ನಿಲ್ದಾಣದಲ್ಲಿ ಸಾಗರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಬಟ್ಟೆ ಅಂಗಡಿಯ ಪರಮಶಿವಪ್ಪನವರು, ಅವರ ಹೆಂಡತಿ ಸರ್ವಮಂಗಳಮ್ಮ. ಶರಾವತಿ ಹಿನ್ನೀರಿನಲ್ಲಿ ಮೋಜಿಗೆಂದು ಅವರು ದೋಣಿ ಕೊಂಡದ್ದು ಊರಿಗೆಲ್ಲ ಗೊತ್ತು. ಈಗ ಪರಮಶಿವಪ್ಪನವರ ತೊಡೆಯ ಮೇಲೆ, ದೋಣಿಯವರು ದಡದವರ ಜೊತೆ ಮಾತಾಡಲು ಬಳಸುವ ಕೈ ರೇಡಿಯೋಗಳ ಚಿತ್ರವಿದ್ದ ಹಾಳೆ. ಮಂಗಳೂರಿನ ಅಂಗಡಿಯಿಂದ ತರಿಸಿದ್ದು.

“ದೊಡ್ಡದು ನೋಡು, ಐದು ಮೈಲಿ ಕೇಳ್ಸತ್ತೆ. ಸಣ್ಣದು ಎರಡೇ ಮೈಲಿ.”

“ಚಿತ್ರದಲ್ಲಿ ಸಣ್ಣದನ್ನ ನೀರಲ್ಲಿ ಯಾಕೆ ಬಿಟ್ಟಿದಾರೆ?”

“ಕೈ ಜಾರಿ ಬಿದ್ರೂ ಅದು ಮುಳುಗಲ್ಲ, ತೇಲತ್ತೆ.”

“ಒಳ್ಳೇದಾಯ್ತು. ದೋಣೀಲಿ ಒಬ್ಬರಿಗಾದ್ರೂ ಈಜು ಬಂದಂಗಾಯ್ತು.”

“ಮೊನ್ನೆ ನಡುನೀರಲ್ಲಿ ಇಂಜಿನ್ ನಿಂತಿದ್ದನ್ನ ಇನ್ನೂ ಎಷ್ಟು ದಿನ ಹೇಳ್ತೀಯೆ?”

“ದಡದಲ್ಲಿ ನಿಂತು ರೀ, ರೀ ಅಂತ ಕೂಗಿದವಳು ನಾನು. ಹೆಸರು ಹಿಡಿದು ಕರೆಯೋ ಹಂಗಿಲ್ಲ. ಅಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದ್ರು, ನೀವೊಬ್ಬರನ್ನ ಬಿಟ್ಟು.”

“ನಂಗೆ ಕೇಳ್ಸಲಿಲ್ಲ ಕಣೆ.”

“ಗೊತ್ತು. ಆದ್ರೂ ಕತ್ತಲಾಗೋ ತನಕ ಕೂಗಿದೆ.”

ಪರಮಶಿವಪ್ಪನವರು ಹಾಳೆಯನ್ನು ಆಕೆಯ ಕಡೆಗೆ ಸರಿಸಿದರು.

“ಅದಕ್ಕೇ ದೊಡ್ಡದು ತಗಳಣ ಅಂದೆ. ಒಂದು ನಿನ್ ಹತ್ರ, ಒಂದು ನನ್ ಹತ್ರ.”

“ಬೇಡ. ಸಣ್ಣದೇ ಇರಲಿ.”

“ಅಲ್ವೇ, ಎರಡು ಮೈಲಿ ದಾಟಿದ್ರೆ ನಿನ್ ದನಿ ಬರಲ್ವಲ್ಲ.”

“ಬರದೇ ಇದ್ದಾಗ ದೋಣಿ ತಿರುಗಿಸ್ಕಂಡು ಬನ್ನಿ.”

ಪರಮಶಿವಪ್ಪನವರು ಹಾಳೆಯನ್ನು ಇನ್ನಷ್ಟು ನೋಡಿದರು. ಆಮೇಲೆ ಜೇಬಿನ ಪೆನ್ನು ತೆಗೆದು ಸಣ್ಣದಕ್ಕೆ ಗುರುತು ಹಾಕಿದರು. ಅಷ್ಟರಲ್ಲಿ ಬಸ್ ಬಂತು. ಅವರು ಕಿಟಕಿಯಿಂದ ಟವೆಲ್ ಹಾಕಿ ಎರಡು ಸೀಟು ಹಿಡಿದರು. ಆಕೆ ಅವಸರವಿಲ್ಲದೆ ಹೋಗಿ ಹತ್ತಿದರು.