ದೀಪ ಮುಟ್ಟಿ ಆಡಿದ ಮಾತು

ಇಡಗುಂಜಿಯ ಗಣಪತಿಯೇ, ತಂದೆಯೇ, ಕಟ್ಟಿದ್ದನ್ನು ಬಿಚ್ಚಿಸುವವನೂ ನೀನೇ, ಬಿಚ್ಚಿದ್ದನ್ನು ಕೂಡಿಸುವವನೂ ನೀನೇ. ನಿನ್ನ ಪಾದಕ್ಕೆ ಶರಣು… ಹಾಂ, ಆತು. ಈಗ ಸ್ಪ್ಯಾನರ್ ಹಾಕು, ರಾಜೀವಾ.

ನಗೂದು ಎಂತಕ್ಕೆ? ಬೈಕಿನ ಸೆಲ್ಫ್ ಮೋಟರ್ ಬಿಚ್ಚುವುದಕ್ಕೂ ದೇವರನ್ನು ಕರೀಬೇಕಾ ಅತ್ತಿಗೇ ಹೇಳಿ ನಗೂದಾ? ನಗು, ನಗು. ಆಯುಧಪೂಜೆ ದಿನ ಸ್ಕ್ರೂಡ್ರೈವರಿಗೂ ಹೂ ಏರಿಸುವವನು ನೀನೇ ಅಲ್ವಾ? ಉಳಿದ ದಿನ ದೇವರು ರಜೆ ಹಾಕಿ ಮನೆಗೆ ಹೋಗ್ತಾನಾ?

ಅಲ್ಲ, ನಿಧಾನ ಮಾಡು. ಅವಸರ ಎಂತದೂ ಇಲ್ಲ. ಹೊಳೆಯಾಚೆಯ ಕಾಸರಕೋಡಿನಿಂದ ಹೊನ್ನಾವರಕ್ಕೆ ಮೀನಿನ ಟೆಂಪೋದಲ್ಲಿ ಗಾಡಿ ಏರಿಸಿಕೊಂಡು ಬಂದವಳು ನಾನು. ಸೇತುವೆ ಮೇಲೆ ಬರುವಾಗ ಮಂಜುಗಡ್ಡೆ ನೀರೆಲ್ಲ ಸೀರೆ ಮೇಲೆ. ಒಣಗುವ ತನಕ ಈ ಸ್ಟೂಲ್ ಬಿಟ್ಟು ಏಳುವುದಿಲ್ಲ.

ನಿನ್ನ ಅಣ್ಣನಾ? ಮನೆಯಲ್ಲೇ ಇದ್ದಾರೆ. ಸ್ವಲ್ಪ ಜ್ವರ. ಇಲ್ಲಪ್ಪ, ಜೋರೇನಿಲ್ಲ. ಮೈ ಕೈ ನೋವು, ಅಷ್ಟೇ. ಮಲಗಿದಲ್ಲಿಂದಲೇ ಹುಕುಂ ಮಾಡಿ ಕಳಿಸಿದ್ದಾರೆ: "ಸಂಜೆಯೊಳಗೆ ಸೆಲ್ಫ್ ಸರಿಯಾಗಬೇಕು ಹೇಳು ಅವನಿಗೆ. ಬಟನ್ ಒತ್ತಿದರೆ ಗಾಡಿ ಎದ್ದು ನಿಲ್ಲಬೇಕು." ಕಿಕ್ ಹೊಡೆಯುವುದಕ್ಕೆ ಅವರಿಗೆ ಕಾಲೆಲ್ಲಿದೆ ಹೇಳು. ಬೋಟಿಗೂ ಧಕ್ಕೆಯ ಕಟ್ಟೆಗೂ ನಡುವೆ ಸಿಕ್ಕಿ ಜಜ್ಜಿಹೋದ ಮೊಣಕಾಲು. ಕಡಲು ಬಿಟ್ಟರು, ಈ ಹಳೇ ಗಾಡಿ ಹಿಡಿದರು. ಹಿಂದೆ ಮೀನಿನ ಪೆಟ್ಟಿಗೆ, ಮುಂದೆ ಟ್ಯಾಂಕಿನ ಮೇಲೆ ಮೊಮ್ಮಗಳು ಅಂಕಿತಾ. ಮಗುವನ್ನು ಶಾಲೆಗೆ ಬಿಡುವುದು, ಆಮೇಲೆ ಪೋಂ ಪೋಂ ಹಾರ್ನ್ ಹೊಡೆಯುತ್ತ ಊರೂರು ಬಂಗಡೆ ಮಾರುವುದು. ನಿನ್ನ ಅಣ್ಣ ಮನುಷ್ಯನ ಹಾಗೆ ಬದುಕಿದ್ದು ಆ ಬಟನ್ನಿನ ಮೇಲೆ, ರಾಜೀವಾ. ಅದನ್ನು ನಾನು ಅರಿಯದವಳಾ? ಅರಿತೇ ಇದ್ದೇನೆ. ಅರಿತದ್ದಕ್ಕೇ…

ಎಂತದೂ ಇಲ್ಲ. ಉಪ್ಪುಗಾಳಿ ಹೇಳಿದೆ. ಉಪ್ಪುಗಾಳಿಗೆ ಕಬ್ಬಿಣ ಉಳಿಯೂದಿಲ್ಲ.

ಹೌದು, ಮಳೆಗಾಲಕ್ಕೆ ಮುಂಚೆ ನೀನೇ ಬಿಚ್ಚಿ ಎಲ್ಲ ಹೊಸತು ಹಾಕಿದ್ದೆ. ಇದೇ ಸ್ಟೂಲಿನ ಮೇಲೆ ಕೂತು ನೋಡಿದ್ದೆನಲ್ಲ ನಾನು! ಎರಡು ಉದ್ದ ಬೋಲ್ಟು, ಹಿಂದಿನ ಮುಚ್ಚಳ, ಒಳಗೆ ಸ್ಪ್ರಿಂಗು, ಆ ಕಪ್ಪು ಬ್ರಶ್ಶು, ಅದಕ್ಕೆ ಜಡೆ ಹೆಣೆದ ಹಾಗಿನ ತಾಮ್ರದ ತಂತಿ. "ಬ್ರಶ್ಶು ತಾಮ್ರಕ್ಕೆ ತಾಗಿದರೇ ಮೋಟರ್ ತಿರುಗೂದು ಅತ್ತಿಗೇ" ಹೇಳಿ ಪಾಠ ಮಾಡಿದ್ದೆ. ಮಾಡಲಿಲ್ಲವಾ? ನಿನ್ನ ಪಾಠ ನಾನು ಮರೀಲಿಲ್ಲ. ಮರೆತಿದ್ದರೆ ಚಲೋ ಇತ್ತು.

ಮುಚ್ಚಳ ಬಂತಾ? ಹುಶಾರು, ಸ್ಪ್ರಿಂಗ್ ಹಾರೀತು.

…ಎಂತಾತು?

ರಾಜೀವಾ, ಎಂತಾತು ಹೇಳಿ ಕೇಳಿದೆ. ಬೆಳಕಿಗೆ ಹಿಡಿದು ಎಂತ ನೋಡೂದು? ತಂತಿ ತುಂಡಾಗಿದೆಯಾ? ಇಲಿ ಇರಬೇಕು. ನಮ್ಮ ಮನೆ ಇಲಿಗಳು ಗೊತ್ತಲ್ಲ ನಿಂಗೆ, ಬಲೆಯನ್ನೇ ಬಿಡುವುದಿಲ್ಲ… ಎಂತಕ್ಕೆ ಹಾಗೆ ನೋಡ್ತೀಯಾ? ಹೌದು, ಮುಚ್ಚಳ ಭದ್ರ ಇತ್ತು. ಬೋಲ್ಟು ಬಿಗಿದೇ ಇತ್ತು. ಇಲಿ ಬೋಲ್ಟು ಬಿಚ್ಚಿ, ಒಳಗೆ ಹೋಗಿ, ತಂತಿ ಕಡಿದು, ಹೊರಗೆ ಬಂದು ಮತ್ತೆ ಬೋಲ್ಟು ಬಿಗೀತಾ ಹೇಳಿ ಕೇಳ್ತೀಯಾ? ಕೇಳು. ಕೇಳಬಾರದಾ? ಮೆಕ್ಯಾನಿಕ್ ನೀನು.

ಅಯ್ಯೋ, ಮಾತಾಡು ಮಾರಾಯಾ. ಬೈಯಬೇಕಾದರೆ ಬೈದುಬಿಡು.

ಆತು. ನಾನೇ. ನಾನೇ ಕತ್ತರಿಸಿದ್ದು. ಮೀನಿನ ರೆಕ್ಕೆ ಕತ್ತರಿಸುವ ಕತ್ತರಿಯಲ್ಲಿ. ನಿನ್ನೆ ಅವರು ಸ್ನಾನಕ್ಕೆ ಹೋದಾಗ. ಆ ಗಾಡಿಗೆ ದಿನಾ ಬೆಳಿಗ್ಗೆ ಒಂದು ದಾಸವಾಳ ಇಡುವವಳು ನಾನು. ಹೂ ಇಟ್ಟ ಕೈಯಿಂದಲೇ… ಗಣಪತೀ, ಕ್ಷಮಿಸು.

ಹುಚ್ಚಿ ಅಲ್ಲ. ಹುಚ್ಚು ಹಿಡಿದಿದ್ದರೆ ನೆಮ್ಮದಿಯಾಗಿ ಇರ್ತಿದ್ದೆ.

ಎಂತಕ್ಕೆ ಕತ್ತರಿಸಿದೆ ಹೇಳಿ ಕೇಳಬೇಡ. ಉಳಿದದ್ದು ಎಂತ ಬೇಕಾದರೂ ಕೇಳು, ಅದೊಂದು ಬೇಡ. ದೀಪ ಮುಟ್ಟಿದ್ದೇನೆ ನಾನು. ದೇವರ ಮುಂದೆ ಉರಿಯುವ ದೀಪ ಮುಟ್ಟಿಸಿ, "ಯಾರ ಹತ್ರವೂ ಬಾಯಿ ಬಿಡೂದಿಲ್ಲ ಹೇಳು, ಮಗಳ ಹತ್ರವೂ ಇಲ್ಲ, ತಮ್ಮನ ಹತ್ರವೂ ಇಲ್ಲ" ಹೇಳಿ ಆಣೆ ಹಾಕಿಸಿಕೊಂಡಿದ್ದಾರೆ. ಹಾಕಿಸಿಕೊಂಡವರು ಯಾರು ಹೇಳಿ ಕೇಳ್ತೀಯಾ? ನನ್ನ ಕೈ ಹಿಡಿದು ದೀಪದ ಹತ್ರ ಒಯ್ಯುವ ಹಕ್ಕು ಈ ಲೋಕದಲ್ಲಿ ಎಷ್ಟು ಜನಕ್ಕಿದೆ?

ದೀಪ ಮುಟ್ಟಿ ಆಡಿದ ಮಾತು ಮುರಿದವಳ ಮನೆಯಲ್ಲಿ ಮತ್ತೆ ದೀಪ ನಿಲ್ಲುವುದಿಲ್ಲ ಹೇಳ್ತಿದ್ದಳು ನನ್ನ ಅಬ್ಬೆ. ನಿನಗೆ ಇದೆಲ್ಲ ನಗೆ. ನನಗೆ ನಗೆ ಅಲ್ಲ, ರಾಜೀವಾ. ನನಗೆ ಇರುವುದೇ ಅದು.

ಹಾಗಾದರೆ ಇಲ್ಲಿಗೆ ಎಂತಕ್ಕೆ ಬಂದೆ ಹೇಳ್ತೀಯಾ? ನಾನಾಗಿ ಬರಲಿಲ್ಲವಲ್ಲ! ಅವರೇ ಕಳಿಸಿದ್ದು. ಗಾಡಿ ರಿಪೇರಿ ಮಾಡಿಸಿಕೊಂಡು ಬಾ ಅಂದರು, ಬಂದೆ. ನೀನು ಬಿಚ್ಚಿದೆ, ನೀನು ನೋಡಿದೆ. ನಾನು ಬಾಯಿ ಬಿಟ್ಟೆನಾ? ದಾರಿಯುದ್ದಕ್ಕೂ ದೇವರ ಹತ್ರ ಇದೇ ವಾದ ಮಾಡಿಕೊಂಡು ಬಂದೆ. ಟೆಂಪೋ ಓಡಿಸುವ ಚೌಡ, "ಯಾರ ಹತ್ರ ಮಾತು ಕಮಲಕ್ಕಾ, ಫೋನಾ?" ಹೇಳಿ ಕೇಳಿದ. ಹೌದು, ಫೋನು ಅಂದೆ.

ಮೊದಲು ಒಂದು ಯೋಚನೆ ಇತ್ತು. ನಿನ್ನ ಹತ್ರ, "ಈ ಮಾಡೆಲಿನ ಮೋಟರಿಗೆ ಪಾರ್ಟು ಈಗ ಬರೂದಿಲ್ಲ ಅಣ್ಣಾ" ಹೇಳಿಸೂದು. ನಿನ್ನ ಮಾತು ಅಂದರೆ ಅವರಿಗೆ ವೇದ. ಆದರೆ ಬೇಡ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಾವಲು ಕೂರಿಸಿದರೆ, ಆ ಎರಡನ್ನು ಕಾಯುವುದು ಯಾರು? ಮತ್ತೆ ಪಾರ್ಟು ಸಿಗದಿದ್ದರೆ ಅವರು ಸುಮ್ಮನಿರ್ತಾರಾ? ಪಕ್ಕದ ಮನೆಯವರನ್ನು ಕರೆದು ತಳ್ಳಿಸಿಕೊಂಡಾದರೂ ಹೊರಡುವ ಜನ. ಕತ್ತರಿಯಿಂದ ನಾನು ಎಷ್ಟು ದಿನ ದೂಡಲಿ?

ಇವತ್ತು ಬೆಳಿಗ್ಗೆಯೇ ನೋಡು. ಅಂಕಿತಾ ಬ್ಯಾಗ್ ಹಾಕಿಕೊಂಡು ಟ್ಯಾಂಕಿನ ಮೇಲೆ ಕೂತಾಗಿತ್ತು. ಇವರು ಹಿಂದೆ ಕೂತು ಬಟನ್ ಒತ್ತಿದ್ದೇ ಒತ್ತಿದ್ದು. ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ನಾನು ತುಳಸಿಕಟ್ಟೆ ಹತ್ರ ಕಣ್ಣು ಮುಚ್ಚಿ ನಿಂತಿದ್ದೆ. ಆಮೇಲೆ ಆ ಟಿಕ್ ಟಿಕ್ ಕೂಡ ನಿಂತುಹೋಯ್ತು. "ಅಜ್ಜಾ! ಅಜ್ಜಾ!" ಹೇಳಿ ಮಗು ಕಿರುಚಿತು… ಆಗ ಗಾಡಿ ಶುರುವಾಗಿದ್ದಿದ್ದರೆ, ಹೈವೇ ಮೇಲೆ, ಆ ಟ್ಯಾಂಕರುಗಳ ಮಧ್ಯೆ…

ಬೇಡ. ಮುಂದಕ್ಕೆ ಕೇಳಬೇಡ. ನಾನು ಮಗುವಿನ ಸುದ್ದಿ ಹೇಳಿದೆ. ಮಗುವಿನ ಸುದ್ದಿ ಹೇಳಬಾರದು ಹೇಳಿ ಆಣೆ ಇಲ್ಲ.

ಒಂದು ಮಾತು ನಾನು ಕೇಳ್ತೇನೆ. ಕೇಳುವುದಕ್ಕೆ ಯಾವ ದೀಪದ ಅಡ್ಡಿಯೂ ಇಲ್ಲ. ನಿನ್ನ ಅಪ್ಪನಿಗೆ ಮೂರ್ಛೆ ರೋಗ ಇತ್ತಲ್ಲ. ಅಂಗಳದಲ್ಲಿ ಬಿದ್ದು, ಮೈ ಸೆಟೆದು, ಬಾಯಲ್ಲಿ ನೊರೆ ಬರುವಾಗ ಓಡಿಬಂದು ಅವರ ಮುಷ್ಟಿಯೊಳಗೆ ಕಬ್ಬಿಣ ಒತ್ತುತ್ತಿದ್ದದ್ದು ಯಾರು? ನೀನೇ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹೆದರಿ ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದೆ; ನೀನು ಇಷ್ಟುದ್ದದ ಹುಡುಗ, ಬಾಗಿಲ ಕೀಲಿಕೈ ಹಿಡಿದು ಓಡ್ತಿದ್ದೆ. ನಿನ್ನ ಅಣ್ಣ ಮಾತ್ರ ಹತ್ತಿರ ಬರ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಲ್ತಿದ್ದರು. ಆಮೇಲೆ ನಿಮ್ಮಪ್ಪನನ್ನು ಯಾರೂ ದೋಣಿ ಹತ್ತಿಸಲಿಲ್ಲ. ಬಲೆ ಹೊಲಿಯುತ್ತ ಮೂಲೆಯಲ್ಲೇ ಕೂತು ಸವೆದರು. ಅದನ್ನು ನೋಡಿ ಬೆಳೆದವನು ಎಂತಕ್ಕೆ ಹೆದರ್ತಾನೆ ಹೇಳು, ಸಾವಿಗಾ? ಮೂಲೆಗೆ.

ಕಬ್ಬಿಣ ಹಿಡಿಸಿದರೆ ಎಂತದೂ ಆಗುವುದಿಲ್ಲ ಹೇಳ್ತಾರಂತೆ ಡಾಕ್ಟರು. ಇರಬಹುದು. ಹೆದರಿದ ಕೈ ಮಾತ್ರ ಮೊದಲು ಕಬ್ಬಿಣವನ್ನೇ ಹುಡುಕ್ತದೆ. ಬಾಗಿಲ ಕೀಲಿ ಸಿಗದಿದ್ದರೆ, ಕಣ್ಣೆದುರು ತೂಗುವ ಗಾಡಿಯ ಕೀಲಿಯನ್ನಾದರೂ…

ರಾಜೀವಾ, ಈಗ ಮನೆಗೆ ಹೋದರೆ ನಿನ್ನ ಅಣ್ಣನ ಬಲಗೈ ಬಿಡಿಸಿ ನೋಡು. ಅಂಗೈ ನೋಡು, ಸಾಕು. ಅಲ್ಲಿ ಗಾಡಿ ಕೀಲಿಯ ಹಲ್ಲು ಮೂಡಿದೆ. ಹಳೇ ಗುರುತು ಮಾಸುವುದರೊಳಗೆ ಅದರ ಮೇಲೇ ಹೊಸ ಗುರುತು. ಅದಕ್ಕಿಂತ ಹೆಚ್ಚಿಗೆ ಒಂದಕ್ಷರ ನಾನು ಆಡುವವಳಲ್ಲ.

…

ಯಾಕೆ, ಕೈಯಲ್ಲಿದ್ದದ್ದು ಕೆಳಗಿಟ್ಟೆ?

ಮಾತಾಡು ಅಂದಿದ್ದೆನಲ್ಲ ಆಗ. ಈಗ ಬೇಡ. ಈಗ ಮಾತಾಡಬೇಡ. ನೀನು ಬಾಯಿಬಿಟ್ಟು ಕೇಳಿದರೆ ನಾನು ಇಲ್ಲ ಹೇಳಬೇಕಾಗ್ತದೆ. ಜ್ವರ ಹೇಳಬೇಕಾಗ್ತದೆ. ಹೀಗೇ ಇರು. ತಮ್ಮಾ… ಎಷ್ಟು ಹಗುರ ಆತು ಗೊತ್ತಾ ನನಗೆ! ಇಷ್ಟು ದಿನ ಒಬ್ಬಳೇ ಹೊತ್ತದ್ದು. ಅವರು ಉಣ್ಣುವಾಗ ತಟ್ಟೆ ನೋಡುವುದಿಲ್ಲ ನಾನು, ಕೈ ನೋಡ್ತೇನೆ. ನಿದ್ದೆಯಲ್ಲಿ ಉಸಿರು ನೋಡ್ತೇನೆ. ಹಾರ್ನ್ ದೂರ ಹೋದ ಹಾಗೆ ಮೀನು ಕೊಯ್ಯುವ ಕತ್ತಿ ಕೈಯಲ್ಲೇ ನಿಂತುಬಿಡ್ತದೆ…

ಅಳೂದಾ? ಅಯ್ಯೋ, ಗ್ರೀಸ್ ಕೈಯಲ್ಲಿ ಕಣ್ಣು ಒರೆಸಬೇಡವೋ! ಮುಖವೆಲ್ಲ ಕಪ್ಪು. ತಗೋ, ನನ್ನ ಸೆರಗು. ಮೀನು ವಾಸನೆ ಇದೆ. ಪರವಾಗಿಲ್ಲ, ನೀನು ಅದರಲ್ಲೇ ಹುಟ್ಟಿದವನು.

ಎಲ್ಲಿಗೆ ಎದ್ದೆ? ಈಗಲೇನಾ? ಸ್ಕೂಟರ್ ತೆಗೀತೀಯಾ… ಹೋಗು. ಹೋಗು, ಅಂಗಡಿ ಬಾಗಿಲು ನಾನು ನೋಡಿಕೊಳ್ತೇನೆ. ನಾನು ಜೊತೆಗೆ ಬರುವುದಿಲ್ಲ. ಬಂದರೆ ಅವರು ಮೊದಲು ನನ್ನ ಮುಖ ನೋಡ್ತಾರೆ, "ಹೇಳಿಬಿಟ್ಟೆಯಾ ಕಮಲೀ" ಹೇಳಿ. ಆ ನೋಟ ನನ್ನಿಂದ ತಡೆಯುವುದಕ್ಕಾಗುವುದಿಲ್ಲ. ನೀನು ಜಗಳ ಮಾಡಬೇಡ. ದೊಡ್ಡ ದನಿ ಬೇಡ, ಮಗು ಇದೆ. ಹೋಗಿ ಪಕ್ಕದಲ್ಲಿ ಕೂತು ಕೈ ಹಿಡಿ. ಬಿಡಿಸಲು ಬಿಡುವುದಿಲ್ಲ ಅವರು, ಮುಷ್ಟಿ ಬಿಗೀತಾರೆ. ನೀನು ಬಿಡಿಸು. ಆಮೇಲೆ ಡಾಕ್ಟರ ಹತ್ರ ಕರಕೊಂಡು ಹೋಗು. ತಮ್ಮನ ಹಿಂದೆ ಕೂತು ಹೋಗುವುದು ಮೂಲೆಗೆ ಹೋದ ಹಾಗಲ್ಲ ಹೇಳಿ ಹೇಳು. ಗುಳಿಗೆ ತಿಂದು ಚಲೋ ಆದವರಿದ್ದಾರೆ ಹೇಳಿ ಹೇಳು. ಅದನ್ನೆಲ್ಲ ಹೇಳುವುದಕ್ಕೆ ನಿನಗೆ ಯಾವ ಅಡ್ಡಿಯೂ ಇಲ್ಲ, ನಿನ್ನ ಕೈಯನ್ನು ಯಾರೂ ದೀಪದ ಹತ್ರ ಒಯ್ದಿಲ್ಲ.

ಮೋಟರಾ? ಇರಲಿ ಬಿಡು, ಹೀಗೇ ಬಿಚ್ಚಿಯೇ ಇರಲಿ.

ಹೋದ… ತಿರುವು ದಾಟಿದ. ಗಣಪತೀ, ಬಾಯಿ ಮುಚ್ಚಿಕೊಂಡೇ ನಾನು ಎಲ್ಲ ಹೇಳಿಬಿಟ್ಟೆನಾ? ನಿನ್ನ ಲೆಕ್ಕದಲ್ಲಿ ಇದು ಮುರಿದ ಮಾತಾದರೆ ಶಿಕ್ಷೆ ನನಗೊಬ್ಬಳಿಗೇ ಇರಲಿ. ಮನೆಯಲ್ಲಿ ಮಲಗಿದ ಆ ಗಂಡಸಿಗೂ ಬೇಡ, ಆ ಮಗುವಿಗೂ ಬೇಡ. ಇವತ್ತು ಇಲ್ಲಿ ನಾನು ಆಡಿದ್ದನ್ನು ಕೇಳಿದವರಿಗೂ, ಆಡದೆ ನುಂಗಿದ್ದನ್ನು ಕೇಳಿಸಿಕೊಂಡವರಿಗೂ ಒಳ್ಳೆಯದು ಮಾಡು, ತಂದೆಯೇ. ಅವರವರ ಮನೆಯಿಂದ ಬೆಳಿಗ್ಗೆ ಹೊರಟವರೆಲ್ಲ, ಹೊತ್ತು ಮುಳುಗುವುದರೊಳಗೆ, ತಿರುಗಿ ಮನೆಗೆ ಬಂದು ಮುಟ್ಟಲಿ.