ಮೂರು ಸೂಡು ಮೆಂತ್ಯೆ ಉಳಿಯಿತು

ಒಂದೂರಲ್ಲಿ ಎಣ್ಣೆ ಗಿರಣಿಯ ಸಾಹುಕಾರನೊಬ್ಬ ಇದ್ದ. ಕೈ ದೊಡ್ಡದು, ಮಾತು ದೊಡ್ಡದು, ಮೀಸೆ ಇನ್ನೂ ದೊಡ್ಡದು. ಅವನಿಗೆ ಒಬ್ಬಳೇ ಮಗಳು, ಮೂರನೆಯ ತರಗತಿ ಓದುತ್ತಿದ್ದಳು. ನೋಡಿ, ಅವನು ಕೆಟ್ಟವನಲ್ಲ. ಮಗಳೆಂದರೆ ಪ್ರಾಣ. ಆ ಪ್ರೀತಿಯೇ ಎಡವಟ್ಟು ಮಾಡಿತು.

ಆ ಊರ ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಸಂತೆ. ನಿಮ್ಮೂರಲ್ಲೂ ನಡೆಯುತ್ತದಲ್ಲ? ಮಕ್ಕಳೇ ಕಾಯಿಪಲ್ಲೆ ತಂದು, ಅಂಗಳದಲ್ಲಿ ಗೋಣಿತಟ್ಟು ಹಾಸಿ, ಕೂಗಿ ಕರೆದು ಮಾರಬೇಕು. ನಾಲಿಗೆ ಹೊರಳಲಿ, ನಾಲ್ಕು ಮಂದಿಯ ಎದುರು ನಿಲ್ಲುವ ಧೈರ್ಯ ಬರಲಿ ಎಂದು ಮೇಷ್ಟ್ರು ಮಾಡಿದ ಏರ್ಪಾಡು. ಈ ಹುಡುಗಿ ಹಿತ್ತಲಲ್ಲಿ ತಾನೇ ಮಡಿ ಮಾಡಿ ಮೆಂತ್ಯೆ ಬಿತ್ತಿದಳು. ತಾನೇ ನೀರು ಹಾಕಿದಳು. ಕೋಳಿ ಬಂದರೆ ತಾನೇ ಓಡಿಸಿದಳು. ಸಂತೆಯ ದಿನ ತಾನೇ ಕಿತ್ತು, ತನ್ನ ಹಳೆಯ ಕೆಂಪು ಲಂಗವನ್ನು ಪಟ್ಟಿಪಟ್ಟಿಯಾಗಿ ಹರಿದು ಸೂಡು ಕಟ್ಟಿದಳು.

ಇತ್ತ ಸಾಹುಕಾರನಿಗೆ ಚಿಂತೆ ಹತ್ತಿತು. ಮಗಳ ಮಾಲು ಉಳಿದರೆ? ಬುಟ್ಟಿ ಹೊತ್ತು ಅಳುತ್ತ ಬಂದರೆ? ಊರ ಮಂದಿ ಏನಂದಾರು? ಗಿರಣಿಯಲ್ಲಿ ಮೂಟೆ ಹೊರುವ ಹಮಾಲರನ್ನು ಕರೆದು ಕೈಗೆ ರೊಕ್ಕ ಕೊಟ್ಟ.

“ಒಬ್ಬೊಬ್ಬರಾಗಿ ಹೋಗ್ರಿ. ಚೌಕಾಶಿ ಮಾಡಬ್ಯಾಡ್ರಿ. ಅಕಿ ಎಷ್ಟ ಹೇಳತಾಳ ಅಷ್ಟ ಕೊಟ್ಟು ಎಲ್ಲಾ ಎತ್ತಕೊಂಡ ಬರ್ರಿ.”

“ತಂದು ಏನ ಮಾಡೂದ್ರಿ ಸಾವುಕಾರ?”

“ಎಮ್ಮಿಗೆ ಹಾಕ್ರಿ! ನನ್ನ ತಲಿ ಯಾಕ ತಿಂತೀರಿ?”

ಸಂತೆ ಸರಿಯಾಗಿ ಸೇರುವ ಮೊದಲೇ ಬುಟ್ಟಿ ಬರಿದಾಯಿತು. ಹುಡುಗಿ ಕುಣಿಯುತ್ತ ಬಂದಳು. “ಯಪ್ಪಾ, ಎಲ್ಲಾರಕಿಂತ ಮೊದಲ ನಂದ ಖಾಲಿ ಆತು!” ಸಾಹುಕಾರ ಮೀಸೆ ತಿರುವಿದ. ಸುದ್ದಿಯನ್ನು ಎಮ್ಮೆಗೂ ಹೇಳಬೇಕೆಂದು ಹುಡುಗಿ ಕೊಟ್ಟಿಗೆಗೆ ಓಡಿದಳು. ಮಕ್ಕಳೆಂದರೆ ಹಾಗೇ ಅಲ್ಲವೇ?

ಎಮ್ಮೆಯ ಬಾಯಿಂದ ಕೆಂಪು ಲಂಗದ ಚೂರು ಜೋತಾಡುತ್ತಿತ್ತು.

ಸಾಹುಕಾರ ಹಿಂದೆಯೇ ಹೋಗಿ ನೋಡಿದರೆ ಮಗಳು ಅಳುತ್ತಿಲ್ಲ. ಎಮ್ಮೆಗೆ ಮೇವು ಹಾಕುವ ಗೋದಲಿಯಲ್ಲಿ ಬಿದ್ದ ಕೆಂಪು ಪಟ್ಟಿಗಳನ್ನು ಒಂದೊಂದಾಗಿ ಆರಿಸುತ್ತಿದ್ದಾಳೆ.

“ಹಂಗಾರ ನಾ ಮಾರಲಿಲ್ಲೇನಪ್ಪಾ?”

“ಮಾರಿದಿ ಬಿಡವ್ವಾ. ರೊಕ್ಕ ಬಂತಲ್ಲ?”

“ನಿನ್ನ ರೊಕ್ಕ ನಿನ್ನ ಮನಿಗೇ ಬಂತು. ನನ್ನ ಪಲ್ಲೆ ಎಮ್ಮಿ ತಿಂತು. ನಾ ಏನ ಮಾಡಿದ್ನಿ?”

ಪೇಟೆಯ ದಲ್ಲಾಳಿಗಳ ಬಾಯಿ ಮುಚ್ಚಿಸುತ್ತಿದ್ದ ಮನುಷ್ಯ, ಈ ಅಂಗೈಯಗಲದ ಹುಡುಗಿಯ ಮುಂದೆ ಬಗ್ಗಿ ತಾನೂ ಪಟ್ಟಿ ಆರಿಸತೊಡಗಿದ. ಬಾಗಿಲಲ್ಲಿದ್ದ ಹೆಂಡತಿ ಬಿಟ್ಟಾಳೆಯೇ? “ಕೂಸಿನ ಕಷ್ಟ ಎಮ್ಮಿಗೆ ತಿನಿಸಿದ್ರಿ. ಹಾಲರ ಹೆಚ್ಚಿಗಿ ಕೊಟ್ಟೀತು, ತಗೋರಿ!”

ಮರುವರ್ಷ ಹುಡುಗಿ ಮತ್ತೆ ಬಿತ್ತಿದಳು. “ಗಿರಣಿಯವರು ಒಬ್ಬರ ಬಂದ್ರೂ ತಟ್ಟು ಮಡಚಿ ಎದ್ದ ಬರ್ತೀನಿ” ಎಂದು ಅಪ್ಪನಿಗೆ ಮೊದಲೇ ಹೇಳಿದ್ದಳು. ಸಾಹುಕಾರ ಶಾಲೆಯ ಕಾಂಪೌಂಡಿನ ಹೊರಗೆ ನಿಂತು ಇಣುಕಿದ. ಬೇರೆ ಮಕ್ಕಳ ಮುಂದೆ ಗಿರಾಕಿಗಳು, ತನ್ನ ಮಗಳ ಮುಂದೆ ನೊಣವೂ ಇಲ್ಲ. ಅವನ ಕೈ ಜೇಬಿಗೆ ಹೋಯಿತು. ತೆಗೆದ. ಮತ್ತೆ ಹೋಯಿತು. ಕೊನೆಗೆ ಎರಡೂ ಕೈಯಿಂದ ಗೋಡೆ ಹಿಡಿದುಕೊಂಡ. ನೋಡಿ, ಎಣ್ಣೆಯ ಡಬ್ಬ ಎತ್ತುವುದು ಸುಲಭ. ಕೈ ಎತ್ತದೆ ನಿಲ್ಲುವುದಿದೆಯಲ್ಲ, ಅದು ಕಷ್ಟ!

ಅಷ್ಟರಲ್ಲಿ ಬಾಯಿ ಜೋರಿನ ಮುದುಕಿಯೊಬ್ಬಳು ಬಂದಳು. ಸೂಡನ್ನು ಎತ್ತಿ ತೂಗಿ ನೋಡಿದಳು.

“ಇದೇನಬೇ ಇದು, ಸೂಡೋ, ಇಲಿ ಬಾಲೋ?”

ಹುಡುಗಿಯ ಮುಖ ಕೆಂಪಾಯಿತು. ಸಾಹುಕಾರ ಗೋಡೆಯನ್ನು ಇನ್ನೂ ಬಿಗಿಯಾಗಿ ಹಿಡಿದ.

“ಸಣ್ಣದರ ಇರಲಿ ಆಯಿ, ಬೇರು ನೋಡು. ಒಂದ ಚೂರು ಮಣ್ಣಿಲ್ಲ, ತೊಳದೀನಿ. ದೊಡ್ಡ ಸೂಡ ಬೇಕಂದ್ರ ಅಲ್ಲಿ ಹೋಗು, ಅರ್ಧ ಮಣ್ಣ ಐತಿ. ಮೊಮ್ಮಕ್ಕಳಿಗೆ ಮಣ್ಣ ಉಣಸಾಕಿ ಏನು?”

ಸಂತೆಗೆ ಸಂತೆಯೇ ನಕ್ಕಿತು. ಮುದುಕಿಯೂ ಬೊಚ್ಚು ಬಾಯಿ ತೆರೆದು ನಕ್ಕು, ಎರಡು ಸೂಡು ಉಡಿಯಲ್ಲಿ ಹಾಕಿಕೊಂಡಳು. ಅವಳನ್ನು ಕಂಡು ಮತ್ತೊಬ್ಬರು, ಅವರನ್ನು ಕಂಡು ಇನ್ನೊಬ್ಬರು ಬಂದರು.

ಕೂಗಿ ಕೂಗಿ ಹುಡುಗಿಯ ಗಂಟಲು ಕಟ್ಟಿತ್ತು. ಆದರೂ ತಲೆಯೆತ್ತಿ ಮನೆಗೆ ಬಂದಳು. “ಯವ್ವಾ, ಮೂರು ಉಳದಾವು. ಎಮ್ಮಿಗೆ ಹಾಕಬ್ಯಾಡ. ಬ್ಯಾಳಿ ಹಾಕಿ ಪಲ್ಲೆ ಮಾಡು.”

ಸಾಹುಕಾರ ಏನು ಮಾಡಿದ ಗೊತ್ತೇ? ಹಿಂದಿನ ವರ್ಷ ಒಂದು ಸೂಡು ಉಳಿದರೆ ಮರ್ಯಾದೆ ಹೋಗುತ್ತದೆ ಎಂದು ಹೆದರಿದವನು, ಗಿರಣಿಯ ಕಟ್ಟೆ ಹತ್ತಿ ಕೂಗಿದ: “ಕೇಳ್ರಲೇ! ನನ್ನ ಮಗಳವು ಮೂರು ಸೂಡು ಉಳದಾವು! ಬಾಕೀವೆಲ್ಲಾ ಅಕೀನ ಮಾರ್ಯಾಳ!”

ಇದಕ್ಕೆ ಹೆಮ್ಮೆ ಎನ್ನುತ್ತಾರೆ. ಮೊದಲ ವರ್ಷದ್ದು ಬರೀ ಮೀಸೆ.

ನಗುತ್ತಿದ್ದೀರಲ್ಲ, ನಿಮ್ಮ ಮನೆಯಲ್ಲಿ ಎಮ್ಮೆ ಇಲ್ಲವೇ? ಮಗುವಿನ ಹೋಂವರ್ಕನ್ನು ಅಮ್ಮ ಬರೆಯುತ್ತಾಳೆ. ಚಿತ್ರವನ್ನು ಅಣ್ಣ ಬಿಡಿಸುತ್ತಾನೆ. ಶಾಲೆಗೆ ಒಯ್ಯುವ ಮಣ್ಣಿನ ಮನೆಯನ್ನು ಅಪ್ಪ ಅಂಗಡಿಯಿಂದ ತರುತ್ತಾನೆ. ಬಹುಮಾನ ಬಂದರೆ ಫೋಟೋ ತೆಗೆದು ಊರಿಗೆಲ್ಲ ತೋರಿಸುತ್ತೀರಿ. ನಾಚಿಕೆ ಆಗುವುದಿಲ್ಲವೇ? ಆ ಮಗು ಒಳಗೊಳಗೇ ಕೇಳುತ್ತಿರುತ್ತದೆ: ‘ಹಾಗಾದರೆ ನಾನೇನು ಮಾಡಿದೆ?’

ನಾಳೆ ಬೆಳಿಗ್ಗೆಯಿಂದ ಪಾಟಿಚೀಲವನ್ನು ಮಗುವೇ ತುಂಬಿಕೊಳ್ಳಲಿ. ಪುಸ್ತಕ ಮರೆತರೆ ಬೈಸಿಕೊಳ್ಳಲಿ, ನೀವು ಗಾಡಿ ಹತ್ತಿ ಹಿಂದೆ ಓಡಬೇಡಿ. ಅದು ಬಿಡಿಸಿದ ಆನೆಗೆ ಐದು ಕಾಲಿದ್ದರೂ ಅದನ್ನೇ ಗೋಡೆಗೆ ಅಂಟಿಸಿ, ಬಂದ ನೆಂಟರಿಗೆ ಎದೆಯುಬ್ಬಿಸಿ ತೋರಿಸಿ. ಕೇಳಿದರೆ ಹೇಳಿಕೊಡಿ, ಬೇಡವೆನ್ನುವುದಿಲ್ಲ. ಆದರೆ ಮಾಡಿಕೊಡಬೇಡಿ.

ಕೈ ತಡೆಯಲಾಗುತ್ತಿಲ್ಲವೇ? ಸಾಹುಕಾರ ಮಾಡಿದ್ದನ್ನೇ ಮಾಡಿ. ಹೋಗಿ ಗೋಡೆ ಹಿಡಿದುಕೊಂಡು ನಿಲ್ಲಿ.